ಬೂಟಿನ ಊಟ

ಮಕ್ಕಳೇ, ಕಾಲಿನ ಬೂಟನ್ನೇ ಬೇಯಿಸಿ ತಿಂದವನನ್ನು ಕಂಡಿದ್ದೀರಾ? ಕಾಣಬೇಕಾದರೆ ಚಾರ್ಲಿ ಚಾಪ್ಲಿನ್‌ನ ‘ದಿ ಗೋಲ್ಡ್ ರಷ್’ ನೋಡಿ. 1925ರಲ್ಲಿ ಬಂದ ಮೂಕಿ ಚಿತ್ರ ಇದು. ಎಪ್ಪತ್ತು ದಾಟಿದ ನನಗಿಂತಲೂ ಹಿರಿಯದು!

ಚಿನ್ನ ಹುಡುಕುತ್ತಾ ಅಲಾಸ್ಕಾದ ಹಿಮಕ್ಕೆ ಬಂದ ಬಡಪಾಯಿ ಚಾರ್ಲಿ, ಧಡೂತಿ ಬಿಗ್ ಜಿಮ್ ಜೊತೆ ಒಂದು ಗುಡಿಸಲಿನಲ್ಲಿ ಸಿಕ್ಕಿಬೀಳುತ್ತಾನೆ. ಹೊರಗೆ ಬಿರುಗಾಳಿ, ಒಳಗೆ ಹಸಿವು. ಅಂದು ಥ್ಯಾಂಕ್ಸ್‌ಗಿವಿಂಗ್ ಹಬ್ಬ ಬೇರೆ, ಅಮೆರಿಕದ ಮನೆಮನೆಯಲ್ಲೂ ಔತಣದ ದಿನ. ತಿನ್ನಲು ಏನೂ ಇಲ್ಲದೆ ಚಾರ್ಲಿ ತನ್ನ ಒಂದು ಬೂಟನ್ನೇ ಪಾತ್ರೆಗೆ ಹಾಕಿ ಕುದಿಸುತ್ತಾನೆ.

ಬೆಂದಿದೆಯೇ ಎಂದು ಫೋರ್ಕಿನಿಂದ ಚುಚ್ಚಿ ನೋಡುತ್ತಾನೆ. ತಟ್ಟೆಗೆ ಹಾಕಿ, ಕುದಿಸಿದ ನೀರನ್ನೇ ಸಾರಿನಂತೆ ಮೇಲೆ ಸುರಿಯುತ್ತಾನೆ. ಚಾಕುವಿನಿಂದ ಅಟ್ಟೆ ಬಿಡಿಸುತ್ತಾನೆ. ಲೇಸನ್ನು ಶಾವಿಗೆಯಂತೆ ಫೋರ್ಕಿಗೆ ಸುತ್ತಿ ಬಾಯಿಗಿಡುತ್ತಾನೆ. ಮೊಳೆಗಳನ್ನು ಮೂಳೆ ಚೀಪಿದಂತೆ ಚೀಪುತ್ತಾನೆ.

ಹೆದರಬೇಡಿ, ಆ ಬೂಟು ಜ್ಯೇಷ್ಠಮಧುವಿನ ಮಿಠಾಯಿ. ಕೆಮ್ಮಿಗೆ ಅಜ್ಜಿ ಕೊಡುವ ಬೇರಿನಿಂದ ಮಾಡಿದ್ದು.

ನಮಗೆ ನಗು ಬರುವುದು ಬೂಟಿನಿಂದಲ್ಲ, ಚಾರ್ಲಿಯ ಶಿಸ್ತಿನಿಂದ. ಎದುರಿಗೆ ಜಿಮ್ ಮುಖ ಕಿವುಚುತ್ತಿದ್ದರೆ ಇವನು ಮದುವೆಮನೆಯ ಎಲೆ ಮುಂದೆ ಕುಳಿತ ಬೀಗರಂತೆ ಸಾವಕಾಶವಾಗಿ ಉಣ್ಣುತ್ತಾನೆ. ಸಾಧಾರಣ ನಟನಾದರೆ ನಮ್ಮನ್ನು ನಗಿಸಲು ನೋಡುತ್ತಿದ್ದ. ಚಾರ್ಲಿ ಊಟ ಮಾಡಲು ನೋಡುತ್ತಾನೆ, ಅಷ್ಟೇ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಖಾತೆಯಲ್ಲಿದ್ದ ಕಡೆಯ ಇಪ್ಪತ್ತು ರೂಪಾಯಿ ತೆಗೆಯಲು ಬರುತ್ತಿದ್ದವರನ್ನು ಕೌಂಟರಿನ ಈಚೆಯಿಂದ ನೋಡಿದ್ದೇನೆ. ಅಂಗಿಗೆ ತೇಪೆ ಇದ್ದರೂ ಇಸ್ತ್ರಿ ತಪ್ಪುತ್ತಿರಲಿಲ್ಲ. ನೋಟು ಎಣಿಸಿ, ಮಡಿಸಿ, ಜೇಬಿಗಿಟ್ಟು, ನಮಸ್ಕಾರ ಹೇಳಿಯೇ ಹೊರಡುತ್ತಿದ್ದರು. ಚಾರ್ಲಿಯ ಊಟ ನೋಡುವಾಗ ಅವರ ನೆನಪಾಗುತ್ತದೆ. ಕೈಯಲ್ಲಿ ಏನೂ ಇಲ್ಲದವನು ಮರ್ಯಾದೆಯೊಂದನ್ನು ಬಿಟ್ಟುಕೊಡುವುದಿಲ್ಲ.

ಚಾಪ್ಲಿನ್‌ಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ. 1889ರಲ್ಲಿ ಹುಟ್ಟಿದ ಅವನು ಏಳನೇ ವಯಸ್ಸಿಗೇ ಲಂಡನ್ನಿನ ನಿರ್ಗತಿಕರ ಆಶ್ರಯಗೃಹ ಸೇರಿದವನು. ಹಸಿವು ಅವನಿಗೆ ಗೊತ್ತಿತ್ತು. ಅದನ್ನು ಅಳುತ್ತಾ ಹೇಳಿದ್ದರೆ ನಾವು ‘ಅಯ್ಯೋ ಪಾಪ’ ಎಂದು ಮರೆತುಬಿಡುತ್ತಿದ್ದೆವು. ನಗಿಸಿ ಹೇಳಿದ, ಇಂದಿಗೂ ಮರೆತಿಲ್ಲ.

ಅಜ್ಜ ಅಜ್ಜಿಯರೇ, ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಚಿತ್ರ ನೋಡಿ. ಮಾತಿಲ್ಲದ ಚಿತ್ರ, ಭಾಷೆಯ ತೊಡಕಿಲ್ಲ. ಮಕ್ಕಳೇ, ಹೊಟ್ಟೆ ತುಂಬ ನಕ್ಕುಬಿಡಿ. ಆಮೇಲೆ ಚಾರ್ಲಿಯ ಕಾಲುಗಳ ಮೇಲೆ ಒಂದು ಕಣ್ಣಿಡಿ. ಬೂಟಿನ ಊಟ ಮುಗಿದ ಮೇಲೂ ಬಹಳ ಹೊತ್ತು ಅವನು ಒಂದು ಕಾಲಿಗೆ ಚಿಂದಿ ಬಟ್ಟೆ ಸುತ್ತಿಕೊಂಡೇ ಹಿಮದಲ್ಲಿ ನಡೆಯುತ್ತಾನೆ.