ಹಳೇ ಗೇಮ್, ಹೊಸ ಬೆಲೆ: ಎಷ್ಟು ಕೇಳಬೇಕು ಸ್ವಾಮೀ?



ಕಂಪ್ಯೂಟರ್ ಗೇಮ್ ಅಂದ ಕೂಡಲೇ "ಅದೆಲ್ಲ ಮಕ್ಕಳ ವಿಷಯ" ಅಂತ ಪುಟ ಮಗುಚಬೇಡಿ. ಈ ಸಲ ಆಡುವುದರ ಬಗ್ಗೆ ಅಲ್ಲ, ಮಾರುವುದರ ಬಗ್ಗೆ ಮಾತು. ಇಪ್ಪತ್ತೈದು ಮೂವತ್ತು ವರ್ಷಗಳ ಹಿಂದೆ ಒಬ್ಬನೇ ಕೂತು ಬರೆದ ಗೇಮ್ ಒಂದಿದೆ ಅಂತ ಇಟ್ಟುಕೊಳ್ಳಿ. ಆಗ ಅದನ್ನು ಮೆಚ್ಚಿ ಕೊಂಡವರು ಕೆಲವು ಸಾವಿರ ಮಂದಿ. ಇಂದಿನ ಕಂಪ್ಯೂಟರಿನಲ್ಲಿ ಅದು ತೆರೆದುಕೊಳ್ಳುವುದೇ ಇಲ್ಲ. ಆದರೂ "ಮತ್ತೆ ಸಿಗುತ್ತಾ?" ಅಂತ ಕೇಳುವವರು ಇದ್ದಾರೆ. ಬರೆದವನಿಗೂ ಹೊಟ್ಟೆಪಾಡು ಇದೆ. ಅವನು ಅದನ್ನು ಹೇಗೆ ಮತ್ತೆ ಹೊರತರಬೇಕು? ಎಷ್ಟು ಬೆಲೆ ಇಡಬೇಕು?

ದೊಡ್ಡ ಕಂಪನಿಗಳಿಗೆ ಇದು ತಲೆನೋವೇ ಅಲ್ಲ. ಅಲ್ಲಿ ಲೆಕ್ಕ ಹಾಕಲು ಬೇರೆಯೇ ಜನ ಇರುತ್ತಾರೆ. ಆದರೆ ಗೇಮ್ ಲೋಕದಲ್ಲಿ 'ಇಂಡೀ' ಅನ್ನುವ ಒಂದು ಜಾತಿ ಇದೆ. ಹಿಂದೆ ಯಾವ ದೊಡ್ಡ ಬಂಡವಾಳವೂ ಇಲ್ಲದೆ, ಒಬ್ಬರೋ ಇಬ್ಬರೋ ಸೇರಿ ಸ್ವಂತ ಕೈಯಿಂದ ಗೇಮ್ ಮಾಡಿ ಸ್ವಂತವಾಗಿ ಮಾರುವವರು. ನಮ್ಮಲ್ಲಿ ಪುಸ್ತಕವನ್ನು ತಾವೇ ಅಚ್ಚು ಹಾಕಿಸಿ, ಚೀಲದಲ್ಲಿ ಹೊತ್ತು ಮಾರುವ ಲೇಖಕರಿಲ್ಲವೇ, ಹಾಗೆ. ಇಂಥವರಿಗೆ ಪ್ರಾವಿಡೆಂಟ್ ಫಂಡ್ ಇಲ್ಲ, ಪೆನ್ಷನ್ ಇಲ್ಲ. ಹಳೆಯ ಗೇಮುಗಳೇ ಅವರ ಪೆನ್ಷನ್. ಅದಕ್ಕೇ ಬೆಲೆಯ ಪ್ರಶ್ನೆ ಇಷ್ಟು ಮುಖ್ಯ.

ಅಮೆರಿಕದ ಸಿಯಾಟಲ್ ಕಡೆಯ ಜೆಫ್ ವೋಗೆಲ್ ಅವರನ್ನೇ ನೋಡಿ. 1994ರಲ್ಲಿ ಸ್ಪೈಡರ್‌ವೆಬ್ ಸಾಫ್ಟ್‌ವೇರ್ ಅನ್ನುವ ಪುಟ್ಟ ಕಂಪನಿ ಶುರು ಮಾಡಿದರು. 1995ರಲ್ಲಿ 'ಎಕ್ಸೈಲ್: ಎಸ್ಕೇಪ್ ಫ್ರಮ್ ದ ಪಿಟ್' ಬಂತು. ಸಾಮ್ರಾಜ್ಯಕ್ಕೆ ಬೇಡವಾದವರನ್ನೆಲ್ಲ ನೆಲದಾಳದ ಗುಹೆಗಳಿಗೆ ಗಡೀಪಾರು ಮಾಡುತ್ತಾರೆ, ಅಲ್ಲಿಂದ ಕಥೆ ಶುರು. ಚಿತ್ರ ಸಾಧಾರಣ, ಕಥೆ ಗಟ್ಟಿ. ಮಾರಿದ್ದು ಶೇರ್‌ವೇರ್ ಪದ್ಧತಿಯಲ್ಲಿ. ಅಂದರೆ ಮೊದಲ ಭಾಗ ಪುಕ್ಕಟೆ, ರುಚಿ ಹತ್ತಿದ ಮೇಲೆ ದುಡ್ಡು ಕೊಟ್ಟರೆ ಮುಂದಿನ ಬಾಗಿಲು ತೆರೆಯುತ್ತದೆ. ಆಗಿನ ಕಾಲದಲ್ಲಿ ಕಂಪ್ಯೂಟರ್ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿ.ಡಿ.ಗಳಲ್ಲಿ ಇಂಥ ಅರ್ಧಂಬರ್ಧ ಗೇಮುಗಳನ್ನು ಆಡಿದ ನೆನಪು ನಿಮ್ಮಲ್ಲಿ ಹಲವರಿಗೆ ಇರಬೇಕು. ಸರಿಯಾಗಿ ಮಜಾ ಬರುವ ಹೊತ್ತಿಗೆ ಬಾಗಿಲು ಬಂದ್!

ಈಗ ನೋಡಿ ತಮಾಷೆ. ಅದೇ ಕಥೆಯನ್ನು ವೋಗೆಲ್ ಹೊಸ ಚಿತ್ರಗಳೊಂದಿಗೆ 2000ದಲ್ಲಿ 'ಅವೆರ್ನಮ್' ಎಂಬ ಹೆಸರಿನಲ್ಲಿ ಮತ್ತೆ ತಂದರು. 2011ರಲ್ಲಿ 'ಅವೆರ್ನಮ್: ಎಸ್ಕೇಪ್ ಫ್ರಮ್ ದ ಪಿಟ್' ಅಂತ ಮೂರನೇ ಸಲ! ಎರಡನೇ ಭಾಗದ ಮರುರೂಪ 2015ರಲ್ಲಿ, ಮೂರನೆಯದು 2018ರಲ್ಲಿ ಬಂತು. 'ಜೀನ್‌ಫೋರ್ಜ್' ಎಂಬ ಇನ್ನೊಂದು ಹಳೆಯ ಸರಣಿಯ ಮೊದಲ ಭಾಗ 2021ರಲ್ಲಿ ಹೊಸ ಬಟ್ಟೆ ತೊಟ್ಟು 20 ಡಾಲರಿಗೆ ಬಂತು. "ಒಂದೇ ದೋಸೆಯನ್ನು ಮಗುಚಿ ಮಗುಚಿ ಹಾಕುತ್ತಾನೆ" ಅಂತ ನೀವು ನಗಬಹುದು. ಆದರೆ ಕೊಂಡವರು ನಗುತ್ತಿಲ್ಲ, ಮತ್ತೆ ಕೊಳ್ಳುತ್ತಿದ್ದಾರೆ. ಯಾಕೆ?

ಕಾರಣ ಯಂತ್ರದ್ದು. ಪುಸ್ತಕವನ್ನು ನೂರು ವರ್ಷ ಬಿಟ್ಟು ತೆರೆದರೂ ಓದಬಹುದು. ಗೇಮ್ ಹಾಗಲ್ಲ. ಅದು ಟೇಪಿನ ಹಾಗೆ, ನುಡಿಸುವ ಯಂತ್ರ ಹೋದರೆ ಟೇಪು ಇದ್ದೂ ಇಲ್ಲ. (ಹಳೆಯ ಸ್ಪೂಲ್ ಟೇಪುಗಳ ಪಾಡು ರೇಡಿಯೋದವರಿಗೆ ಚೆನ್ನಾಗಿ ಗೊತ್ತು.) ತೊಂಬತ್ತರ ದಶಕದ ಮೊದಲ ಭಾಗದ 16 ಬಿಟ್ ಪ್ರೋಗ್ರಾಮುಗಳನ್ನು ಇಂದಿನ 64 ಬಿಟ್ ವಿಂಡೋಸ್ ಮುಟ್ಟುವುದಿಲ್ಲ. ಆಪಲ್ ಕಂಪನಿ 2017ರಲ್ಲಿ ಐಫೋನ್, ಐಪ್ಯಾಡುಗಳಲ್ಲಿ, 2019ರಲ್ಲಿ ಮ್ಯಾಕ್ ಕಂಪ್ಯೂಟರುಗಳಲ್ಲಿ 32 ಬಿಟ್ ಪ್ರೋಗ್ರಾಮುಗಳಿಗೆ ವಿದಾಯ ಹೇಳಿತು. 2020ರ ಕೊನೆಗೆ ಫ್ಲ್ಯಾಶ್ ಕಣ್ಣು ಮುಚ್ಚಿದಾಗ ಬ್ರೌಸರಿನಲ್ಲಿ ಆಡುತ್ತಿದ್ದ ಸಾವಿರಾರು ಪುಟ್ಟ ಗೇಮುಗಳು ಒಟ್ಟಿಗೇ ಹೋದವು. ಬರೆದವನ ತಪ್ಪೇನೂ ಇಲ್ಲ, ಅಂಗಡಿ ಇದ್ದ ಬೀದಿಯನ್ನೇ ಕಿತ್ತುಹಾಕಿದರು, ಅಷ್ಟೇ.

ಹೀಗಾಗಿ ಹಳೆಯ ಗೇಮ್ ಇಟ್ಟುಕೊಂಡವನ ಮುಂದೆ ಮೊದಲು ಬರುವುದು ಬೆಲೆಯಲ್ಲ, ಕೆಲಸ. ಎಷ್ಟು ಕೆಲಸ ಮಾಡುತ್ತೇನೆ ಅನ್ನುವುದು. ಕಡಿಮೆ ಶ್ರಮದ ದಾರಿ ಅಂದರೆ ಹಳೆಯ ಕಂಪ್ಯೂಟರಿನ ವೇಷ ಹಾಕುವ ಒಂದು ಪ್ರೋಗ್ರಾಮಿನೊಳಗೆ ಗೇಮನ್ನು ಕೂರಿಸಿ ಇದ್ದಹಾಗೇ ಮಾರುವುದು. ಪೋಲೆಂಡಿನ ಗಾಗ್ ಎಂಬ ಅಂಗಡಿ 2008ರಲ್ಲಿ ಶುರುವಾದದ್ದೇ ಈ ವ್ಯಾಪಾರಕ್ಕೆ. 'ಗುಡ್ ಓಲ್ಡ್ ಗೇಮ್ಸ್' ಅನ್ನುವುದೇ ಅದರ ಪೂರ್ಣ ಹೆಸರಾಗಿತ್ತು. ಆರಂಭದಲ್ಲಿ ಅಲ್ಲಿ ಎರಡೇ ಬೆಲೆ, 5.99 ಡಾಲರ್ ಇಲ್ಲವೇ 9.99 ಡಾಲರ್. ಗಿರಾಕಿ ತಲೆ ಕೆರೆದುಕೊಳ್ಳುವ ಮೊದಲೇ ಕೊಂಡುಬಿಡಬೇಕು, ಅಂಥ ಬೆಲೆ. ಇನ್ನೊಂದು ತುದಿಯ ದಾರಿ ವೋಗೆಲ್ ಅವರದು. ಕಥೆ ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಹೊಸದಾಗಿ ಕಟ್ಟುವುದು. ಇದಕ್ಕೆ ವರ್ಷಗಟ್ಟಲೆ ಬೇಕು, ಆದ್ದರಿಂದ ಹೊಸ ಗೇಮಿನ ಬೆಲೆಯನ್ನೇ ಕೇಳಬಹುದು. ಕೇಳಬೇಕು ಕೂಡ.

ತಪ್ಪುವುದು ಈ ಎರಡರ ನಡುವೆ. ತಿಂಗಳುಗಟ್ಟಲೆ ದುಡಿದು ಗೇಮ್ ಸರಿಮಾಡಿ, ಕೊನೆಗೆ "ಹಳೆಯದಲ್ಲವೇ" ಅನ್ನುವ ಸಂಕೋಚದಿಂದ ಚಿಲ್ಲರೆ ಬೆಲೆ ಇಡುವುದು.

ಸ್ವಲ್ಪ ಲೆಕ್ಕ ಮಾಡೋಣ, ಹೆದರಬೇಡಿ. ಸ್ಟೀಮ್ ಎಂಬುದು ಕಂಪ್ಯೂಟರ್ ಗೇಮುಗಳ ಅತಿ ದೊಡ್ಡ ಅಂಗಡಿ. ಸಣ್ಣವರು ಮಾರಿದ ಪ್ರತಿ ಗೇಮಿನಲ್ಲೂ ನೂರಕ್ಕೆ 30 ಪಾಲು ಅಂಗಡಿಯದು. 20 ಡಾಲರಿಗೆ ಒಂದು ಪ್ರತಿ ಹೋದರೆ ಬರೆದವನ ಕೈಗೆ 14. 10 ಡಾಲರ್ ಬೆಲೆ ಇಟ್ಟು, ಹಬ್ಬದ ರಿಯಾಯಿತಿ ಅಂತ ನೂರಕ್ಕೆ 75 ಇಳಿಸಿದರೆ ಗಿರಾಕಿ ಕೊಡುವುದು ಎರಡೂವರೆ ಡಾಲರ್, ಕೈಗೆ ಬರುವುದು 1.75. ಅಂದರೆ ಪೂರ್ತಿ ಬೆಲೆ ಕೊಟ್ಟ ಒಬ್ಬನ ಜಾಗದಲ್ಲಿ ಎಂಟು ಜನ ಬೇಕು. ಎಂಟು ಜನ ಬಂದರೆ ಒಳ್ಳೆಯದೇ ಅಲ್ಲವೇ ಅನ್ನುತ್ತೀರಾ? ಆ ಎಂಟು ಜನರಲ್ಲಿ ಇಬ್ಬರ ಕಂಪ್ಯೂಟರಿನಲ್ಲಿ ಗೇಮ್ ಓಡುವುದಿಲ್ಲ. ಇಬ್ಬರೂ ಇ-ಮೇಲ್ ಬರೆಯುತ್ತಾರೆ. ಉತ್ತರಿಸಬೇಕಾದವನು ಅದೇ ಒಬ್ಬ ಮನುಷ್ಯ! ಎರಡೂವರೆ ಡಾಲರ್ ಕೊಟ್ಟವನೂ ಇಪ್ಪತ್ತು ಕೊಟ್ಟವನಷ್ಟೇ ಗಟ್ಟಿಯಾಗಿ ಬೈಯುತ್ತಾನೆ ಅನ್ನುವುದನ್ನು ನಮ್ಮ ತರಕಾರಿ ಅಂಗಡಿಯವರೂ ಒಪ್ಪುತ್ತಾರೆ.

ಬೆಲೆ ಇಳಿಸುವುದು ಸುಲಭ, ಏರಿಸುವುದು ಕಷ್ಟ ಅನ್ನುವುದು ಇನ್ನೊಂದು. ಬೆಲೆ ಏರಿಸಿದರೆ ಮುಂದಿನ 30 ದಿನ ರಿಯಾಯಿತಿ ಕೊಡುವಂತಿಲ್ಲ ಅನ್ನುವುದು ಸ್ಟೀಮ್‌ನ ನಿಯಮ. ಜೊತೆಗೆ ಜನರ ನೆನಪು ಬೇರೆ. ಒಮ್ಮೆ ಎರಡು ಡಾಲರಿಗೆ ಕಂಡದ್ದನ್ನು ಹತ್ತಕ್ಕೆ ಯಾರು ಕೊಳ್ಳುತ್ತಾರೆ? ಮುಂದಿನ ಸೇಲ್ ಬರಲಿ ಅಂತ ಕಾಯುತ್ತಾರೆ.

"ಹಾಗಾದರೆ ಬೆಲೆಯನ್ನು ಗಿರಾಕಿಗೇ ಬಿಟ್ಟುಬಿಡಿ" ಅನ್ನುವವರೂ ಇದ್ದಾರೆ. ಅದನ್ನೂ ಮಾಡಿ ನೋಡಿದ್ದಾರೆ. 'ವರ್ಲ್ಡ್ ಆಫ್ ಗೂ' ಎಂಬ ಗೇಮ್ ಮಾಡಿದವರು ಕೈಲ್ ಗ್ಯಾಬ್ಲರ್ ಮತ್ತು ರಾನ್ ಕಾರ್ಮೆಲ್. 2008ರ ಅಕ್ಟೋಬರಿನಲ್ಲಿ 20 ಡಾಲರಿಗೆ ಬಂದ ಗೇಮಿಗೆ ಒಂದು ವರ್ಷ ತುಂಬಿದಾಗ "ನಿಮಗೆ ತೋಚಿದ್ದು ಕೊಡಿ" ಅಂದರು. ಮೊದಲ ವಾರದಲ್ಲಿ ಸುಮಾರು 57,000 ಮಂದಿ ಕೊಂಡರು. ಸರಾಸರಿ ಬೆಲೆ ಎರಡು ಡಾಲರಿನ ಆಸುಪಾಸು. ಸುಮಾರು 17,000 ಮಂದಿ ಕೊಟ್ಟದ್ದು ಒಂದೇ ಒಂದು ಸೆಂಟ್! ಅದು ಹಣ ಸಾಗಿಸುವ ಶುಲ್ಕಕ್ಕೇ ಸಾಲಲಿಲ್ಲ. ಆದರೂ ಅವರು ನಷ್ಟ ಅನ್ನಲಿಲ್ಲ, ವರ್ಷ ಹಳೆಯದಾಗಿ ಮಲಗಿದ್ದ ಗೇಮ್ ಮತ್ತೆ ಸುದ್ದಿಯಾಯಿತು, ಬೇರೆ ಅಂಗಡಿಗಳಲ್ಲೂ ಮಾರಾಟ ಹೆಚ್ಚಿತು. ಮರುವರ್ಷ, 2010ರ ಮೇ ತಿಂಗಳಲ್ಲಿ, ಇದೇ ಗೇಮ್ ಜೊತೆ ಇನ್ನೂ ಕೆಲವು ಇಂಡೀ ಗೇಮುಗಳನ್ನು ಗಂಟು ಕಟ್ಟಿ ಇದೇ ಪದ್ಧತಿಯಲ್ಲಿ 'ಹಂಬಲ್ ಇಂಡೀ ಬಂಡಲ್' ಮಾರಲಾಯಿತು, ಒಂದು ಪಾಲು ದಾನಕ್ಕೆ. 12 ಲಕ್ಷ ಡಾಲರಿಗೂ ಹೆಚ್ಚು ಬಂತು, ಸರಾಸರಿ 9 ಡಾಲರ್ ದಾಟಿತು. ನನ್ನ ಮಟ್ಟಿಗೆ ಇದು ಜಾತ್ರೆಯ ವ್ಯಾಪಾರ. ವರ್ಷಕ್ಕೊಮ್ಮೆ ಚೆನ್ನ, ದಿನವೂ ಜಾತ್ರೆ ಮಾಡಲಾಗದು.

ನನಗೆ ತುಂಬ ಹಿಡಿಸಿದ ಕಥೆ 'ಡ್ವಾರ್ಫ್ ಫೋರ್ಟ್ರೆಸ್' ಗೇಮಿನದು. ಟಾರ್ನ್ ಮತ್ತು ಝಾಕ್ ಆಡಮ್ಸ್ ಎಂಬ ಅಣ್ಣತಮ್ಮಂದಿರು 2006ರಿಂದ ಅದನ್ನು ಪುಕ್ಕಟೆ ಹಂಚುತ್ತ ಬಂದರು. ಪರದೆ ತುಂಬ ಅಕ್ಷರ, ಚಿಹ್ನೆಗಳೇ, ಚಿತ್ರ ಅನ್ನುವುದೇ ಇಲ್ಲ. ಜೀವನ ಅಭಿಮಾನಿಗಳು ಕೊಟ್ಟ ಕಾಣಿಕೆಯಲ್ಲಿ. ಆಮೇಲೆ ಝಾಕ್‌ಗೆ ಕ್ಯಾನ್ಸರ್ ಕಾಣಿಸಿಕೊಂಡಿತು. ಅಮೆರಿಕದಲ್ಲಿ ಆಸ್ಪತ್ರೆ ಖರ್ಚು ಅಂದರೆ ನಿಮಗೆ ಗೊತ್ತೇ ಇದೆ. 2019ರಲ್ಲಿ, ಇನ್ನು ಕಾಣಿಕೆ ನಂಬಿ ಕೂರಲಾಗದು ಅಂತ ತೀರ್ಮಾನಿಸಿ, ಕಿಟ್‌ಫಾಕ್ಸ್ ಗೇಮ್ಸ್ ಎಂಬ ಸಂಸ್ಥೆಯ ಜೊತೆ ಸೇರಿ ಸ್ಟೀಮ್‌ನಲ್ಲಿ ಮಾರುವುದಾಗಿ ಪ್ರಕಟಿಸಿದರು. ಹೊಸ ಚಿತ್ರ, ಸಂಗೀತ, ಮೌಸ್‌ನಲ್ಲಿ ಆಡುವ ಅನುಕೂಲ ಎಲ್ಲ ಸೇರಿಸಿ 2022ರ ಡಿಸೆಂಬರ್ 6ರಂದು ಬಿಟ್ಟರು.

ಬೆಲೆ? ಹದಿನಾರು ವರ್ಷ ಪುಕ್ಕಟೆ ಸಿಕ್ಕ, ಆಗಲೂ ಪುಕ್ಕಟೆ ಸಿಗುತ್ತಲೇ ಇದ್ದ ಗೇಮಿಗೆ 30 ಡಾಲರ್! ಹುಚ್ಚು ಅನ್ನಬೇಕಲ್ಲವೇ. ಎರಡು ತಿಂಗಳಲ್ಲಿ 1,60,000 ಪ್ರತಿ ಹೋದೀತು ಅಂತ ಅಂದಾಜು ಮಾಡಿದ್ದರು. ಅಷ್ಟೂ ಒಂದೇ ದಿನದೊಳಗೆ ಹೋಯಿತು. ತಿಂಗಳ ಕೊನೆಗೆ ಐದು ಲಕ್ಷದ ಹತ್ತಿರ. ಅಕ್ಷರಗಳ ಹಳೆಯ ರೂಪವನ್ನು ಅವರು ಮುಚ್ಚಲಿಲ್ಲ, ಬೇಕಾದವರು ಅದನ್ನು ಪುಕ್ಕಟೆಯಾಗಿಯೇ ಆಡಬಹುದು. ಜನ ದುಡ್ಡು ಕೊಟ್ಟದ್ದು ಹೊಸ ಅನುಕೂಲಕ್ಕೆ, ಜೊತೆಗೆ ಹದಿನಾರು ವರ್ಷದ ಋಣಕ್ಕೆ. ಹಳೆಯದನ್ನು ಕಿತ್ತುಕೊಂಡು ಹೊಸದಕ್ಕೆ ದುಡ್ಡು ಕೇಳಿದ್ದರೆ ಇದೇ ಜನ ಕಲ್ಲು ಹೊಡೆಯುತ್ತಿದ್ದರು ಅಂತ ನನ್ನ ಅನುಮಾನ.

ವೋಗೆಲ್ ಕೂಡ ಈ ಸೂಕ್ಷ್ಮ ಬಲ್ಲವರು. ಮೊಟ್ಟಮೊದಲ 'ಎಕ್ಸೈಲ್' ಸರಣಿಯ ಮೂರೂ ಗೇಮುಗಳನ್ನು ಪುಕ್ಕಟೆ ಮಾಡಿಬಿಟ್ಟರು. ಹೊಸ ರೂಪ ಕೊಳ್ಳುವ ಮೊದಲು ಯಾರು ಬೇಕಾದರೂ ಹಳೆಯದರ ಕಥೆ ಎಂಥದ್ದು ಅಂತ ನೋಡಿಕೊಳ್ಳಬಹುದು. ಮೂವತ್ತು ವರ್ಷ ಹಳೆಯ ಸರಕಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಎಲ್ಲಿ ಸಿಗುತ್ತದೆ? 2009ರಲ್ಲಿ ಅವರು ತಮ್ಮ ಲೆಕ್ಕಪುಸ್ತಕವನ್ನೇ ಬಿಚ್ಚಿಟ್ಟಿದ್ದರು. 'ಜೀನ್‌ಫೋರ್ಜ್ 4' ಗೇಮಿಗೆ ತಗುಲಿದ ಖರ್ಚು ಸುಮಾರು 1,20,000 ಡಾಲರ್. 28 ಡಾಲರಿನಂತೆ ಹೋದದ್ದು ಸುಮಾರು 4,000 ಪ್ರತಿ. ಅಂದರೆ ಅಲ್ಲಿಯವರೆಗೆ ಹಾಕಿದ್ದು ಪೂರ್ತಿ ಬಂದಿರಲಿಲ್ಲ. ಲಾಭ ಬರಬೇಕಾದದ್ದು ಮುಂದಿನ ವರ್ಷಗಳ ನಿಧಾನ ಮಾರಾಟದಿಂದ. ಹಳೆಯ ಗೇಮ್ ಓಡುತ್ತಲೇ ಇರಬೇಕು, ಸಿಗುತ್ತಲೇ ಇರಬೇಕು ಅನ್ನುವುದರ ಹಿಂದೆ ಇರುವುದು ಈ ಲೆಕ್ಕ.

ಇನ್ನು ನಮ್ಮ ಕಡೆಯ ಮಾತು. 20 ಡಾಲರ್ ಅಂದರೆ ಇಂದು 1,600 ರೂಪಾಯಿಗೂ ಮೇಲೆ. ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಮನೆಮಂದಿಯೆಲ್ಲ ಊಟ ಮಾಡಿ ಬರಬಹುದು. 2015ರ ನವೆಂಬರಿನವರೆಗೆ ಸ್ಟೀಮ್‌ನಲ್ಲಿ ನಾವು ಡಾಲರಿನಲ್ಲೇ ಕೊಳ್ಳಬೇಕಿತ್ತು. ಆಮೇಲೆ ರೂಪಾಯಿ ಬೆಲೆ ಬಂತು. ಈ ರೂಪಾಯಿ ಬೆಲೆಯನ್ನು ಗೇಮ್ ಬರೆದವನೇ ಪ್ರತ್ಯೇಕವಾಗಿ ಇಡಬಹುದು, ಅಂಗಡಿ ಸಲಹೆ ಮಾತ್ರ ಕೊಡುತ್ತದೆ. 2022ರ ಅಕ್ಟೋಬರಿನಲ್ಲಿ ಆ ಸಲಹೆಯ ಪಟ್ಟಿಯನ್ನು ಪರಿಷ್ಕರಿಸಿದ್ದರು. ಆದ್ದರಿಂದ ಒಂದೇ ಡಾಲರ್ ಬೆಲೆಯ ಎರಡು ಗೇಮುಗಳಿಗೆ ಇಲ್ಲಿ ಬೇರೆ ಬೇರೆ ರೂಪಾಯಿ ಬೆಲೆ ಕಂಡರೆ ಆಶ್ಚರ್ಯಪಡಬೇಡಿ. ಒಬ್ಬರು ನಮ್ಮ ಜೇಬನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ, ಇನ್ನೊಬ್ಬರು ಡಾಲರನ್ನು ಗುಣಿಸಿ ಸುಮ್ಮನಾಗಿದ್ದಾರೆ. ಹಳೆಯ ಗೇಮ್ ಕೊಳ್ಳುವಾಗ ನಿಮ್ಮ ಕಂಪ್ಯೂಟರಿನಲ್ಲಿ ಓಡುತ್ತದೋ ಇಲ್ಲವೋ ಅನ್ನುವ ಭಯವಿದ್ದರೆ, ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಸ್ಟೀಮ್‌ನಲ್ಲಿ ಹಣ ವಾಪಸ್ ಕೇಳಬಹುದು. 2015ರಿಂದ ಈ ಪದ್ಧತಿ ಇದೆ.

ಕಪಾಟಿನ ಮೂಲೆಯಲ್ಲಿ ಹಳೆಯ ಗೇಮ್ ಸಿ.ಡಿ. ಇದ್ದರೆ ಅದರ ಹೆಸರು ಬರೆದು ನಮಗೆ ಕಳಿಸಿ. ಮತ್ತೆ ಬಂದಿದೆಯೋ, ಎಷ್ಟಕ್ಕೆ ಬಂದಿದೆ ಅನ್ನುವುದನ್ನು ಹುಡುಕಿ ಮುಂದಿನ ಸಂಚಿಕೆಯಲ್ಲಿ ಹೇಳೋಣ.