ಚಂದ್ರಯಾನ-3ರ ಬಗ್ಗೆ ಆರ್.ಕೆ. ಲಕ್ಷ್ಮಣ್ ಕಾರ್ಟೂನ್ ಬರೆದಿದ್ದರೇ?

ಚೌಕಳಿ ಕೋಟು, ಪಂಚೆ, ದುಂಡು ಕನ್ನಡಕದ ಮುದುಕ. ಪಕ್ಕದಲ್ಲಿ ಚಂದ್ರ. ಮುದುಕನ ಬಾಯಿಂದ ಹೊರಟ ಬಲೂನಿನಲ್ಲಿ ಹೀಗಿದೆ: ‘ಚಂದ್ರಯಾನ-3 ಚಂದ್ರನಿಗೆ ಇಳಿಯಿತು, ನಮ್ಮೂರ ನಲ್ಲಿಗೆ ನೀರು ಇಳಿಯಲಿಲ್ಲ!’ ಕೆಳಗೆ ಲಕ್ಷ್ಮಣ್ ಸಹಿ. ಉಡಿಗಾಲದ ವಾಟ್ಸಾಪ್ ಗುಂಪೊಂದರಲ್ಲಿ ಬಂದ ಈ ಚಿತ್ರವನ್ನು ಓದುಗರೊಬ್ಬರು ನಮಗೆ ಕಳಿಸಿ, ‘ಇದು ನಿಜವಾಗಿಯೂ ಅವರದೇನಾ?’ ಎಂದು ಕೇಳಿದ್ದಾರೆ.

ಅಲ್ಲ. ಚಂದ್ರಯಾನ-3 ಇಳಿದದ್ದು 2023ರ ಆಗಸ್ಟ್ 23ರಂದು. ಲಕ್ಷ್ಮಣ್ ಪುಣೆಯಲ್ಲಿ ತೀರಿಕೊಂಡದ್ದು 2015ರ ಜನವರಿ 26ರಂದು.

ಲಕ್ಷ್ಮಣ್ ಯಾರು?

ಹುಟ್ಟಿದ್ದು 1921ರಲ್ಲಿ, ಮೈಸೂರಿನಲ್ಲಿ. ಚಾಮರಾಜನಗರ 1997ರವರೆಗೆ ಮೈಸೂರು ಜಿಲ್ಲೆಯಲ್ಲೇ ಇದ್ದದ್ದರಿಂದ ಅವರು ನಮ್ಮವರೇ ಎನ್ನಬಹುದು. ಬೊಂಬಾಯಿಯ ಜೆ.ಜೆ. ಕಲಾಶಾಲೆ ಅವರಿಗೆ ಸೀಟು ಕೊಡಲಿಲ್ಲ ಎಂಬ ಫಾರ್ವರ್ಡ್ ಕೂಡ ನೀವು ನೋಡಿರಬಹುದು. ಅದು ನಿಜ. ಆಮೇಲೆ ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿದರು. ರಾಶಿಯವರ ‘ಕೊರವಂಜಿ’ಗೂ ಅಣ್ಣ ಆರ್.ಕೆ. ನಾರಾಯಣ್ ಅವರ ಕಥೆಗಳಿಗೂ ಚಿತ್ರ ಬರೆದರು. 1947ರಲ್ಲಿ ಟೈಮ್ಸ್ ಆಫ್ ಇಂಡಿಯಾ ಸೇರಿ, ಐವತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಬರೆದರು. ಏಷ್ಯನ್ ಪೇಂಟ್ಸ್ ಡಬ್ಬಿಯ ಮೇಲಿದ್ದ ತುಂಟ ಹುಡುಗ ಗಟ್ಟು ಅವರದೇ. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ರೇಖಾಚಿತ್ರಗಳೂ ಅವರವೇ.

ಬಾಯಿ ನೋಡಿ

ದಿನಾಂಕ ಗೊತ್ತಿಲ್ಲದಿದ್ದರೂ ಈ ಚಿತ್ರದಲ್ಲಿ ಇನ್ನೊಂದು ಸುಳಿವಿದೆ. 1951ರಲ್ಲಿ ಲಕ್ಷ್ಮಣ್ ಸೃಷ್ಟಿಸಿದ ‘ಸಾಮಾನ್ಯ ಮನುಷ್ಯ’ ಮಾತಾಡುವವನಲ್ಲ. ಮಂತ್ರಿ, ಅಧಿಕಾರಿ, ಹೆಂಡತಿ ಎಲ್ಲರೂ ಮಾತಾಡುತ್ತಾರೆ. ಅವನು ಸುಮ್ಮನೆ ನಿಂತು ನೋಡುತ್ತಾನೆ. ಮಾತಿರುವುದು ಚಿತ್ರದ ಕೆಳಗಿನ ಸಾಲಿನಲ್ಲಿ, ಅದೂ ಬೇರೆಯವರದು.

ಹಾಗಂತ ಅವರು ಚಂದ್ರನನ್ನು ಬಿಟ್ಟಿದ್ದರೆಂದಲ್ಲ. ಅವರ ಒಂದು ಹೆಸರಾಂತ ಕಾರ್ಟೂನಿನಲ್ಲಿ ವಿಜ್ಞಾನಿಗಳು ಚಂದ್ರಯಾತ್ರೆಗೆ ತಕ್ಕ ಆಳು ಸಿಕ್ಕನೆಂದು ಇವನನ್ನೇ ಆರಿಸುತ್ತಾರೆ. ಅನ್ನ, ನೀರು, ಗಾಳಿ, ಬೆಳಕು ಇಲ್ಲದೆಯೂ ಬದುಕಬಲ್ಲವನು ಇವನೊಬ್ಬನೇ ಎಂಬುದು ಅವರ ಲೆಕ್ಕ. ಬಡತನದ ಮಾತು ಅಲ್ಲೂ ಇದೆ. ಆದರೆ ಅವನು ತುಟಿ ಬಿಚ್ಚುವುದಿಲ್ಲ, ಯಾರನ್ನೂ ಬೈಯುವುದಿಲ್ಲ. ನಗು ಬರುವುದೂ, ನಕ್ಕ ಮೇಲೆ ಚುಚ್ಚುವುದೂ ಅದಕ್ಕೇ.

ತಮಾಷೆ ತಾನೆ, ಕಳಿಸಿದರೇನು?

ನಲ್ಲಿಗೆ ನೀರು ಬರುತ್ತಿಲ್ಲ ಎಂಬ ದೂರು ನಿಜವೇ ಇರಬಹುದು. ಆದರೆ ಸುಳ್ಳು ಸಹಿಯ ಕೆಳಗೆ ಹೋದ ದೂರನ್ನು ‘ಫೇಕ್ ಫಾರ್ವರ್ಡ್’ ಎಂದು ತಳ್ಳಿಹಾಕುವುದು ಬಹಳ ಸುಲಭ. ಚಿತ್ರದ ಜೊತೆ ದೂರೂ ಕಸದ ಬುಟ್ಟಿಗೆ ಹೋಗುತ್ತದೆ. ಇಂದು ನೀರಿನ ಮಾತು ಹಾಕಿದವರು ನಾಳೆ ಅದೇ ಬಲೂನಿನಲ್ಲಿ ಒಂದು ಜಾತಿಯನ್ನೋ ಧರ್ಮವನ್ನೋ ಬೈದರೂ, ಸಹಿ ನೋಡಿ ನಂಬುವವರಿರುತ್ತಾರೆ.

ಕಳಿಸುವ ಮುನ್ನ ಮೂರು ಪ್ರಶ್ನೆ:

1. ಚಿತ್ರದಲ್ಲಿರುವ ಸಂಗತಿ ನಡೆದದ್ದು ಯಾವಾಗ? 2015ರ ಜನವರಿಯ ನಂತರದ್ದಾದರೆ ಅದು ಲಕ್ಷ್ಮಣ್ ಅವರದಲ್ಲ. ನೋಟು ರದ್ದತಿ, ಕೊರೊನಾ ಕಾರ್ಟೂನುಗಳಿಗೂ ಇದೇ ಲೆಕ್ಕ.

2. ಸಾಮಾನ್ಯ ಮನುಷ್ಯ ಮಾತಾಡುತ್ತಿದ್ದಾನೆಯೇ? ಹಾಗಿದ್ದರೆ ಅನುಮಾನಿಸಿ.

3. ಗೂಗಲ್ ಲೆನ್ಸಿಗೆ ಹಾಕಿದರೆ ಅದೇ ಚಿತ್ರ ಬೇರೆ ಮಾತಿನೊಂದಿಗೆ ಸಿಗುತ್ತದೆಯೇ? ಸಿಕ್ಕರೆ ಯಾವುದು ಮೊದಲು ಬಂದದ್ದು ನೋಡಿ.

ನೀರು ಬರದಿದ್ದರೆ ಖಾಲಿ ನಲ್ಲಿಯ ಫೋಟೊ ತೆಗೆದು, ದಿನಾಂಕ ಹಾಕಿ, ನಿಮ್ಮ ಹೆಸರಿನಲ್ಲೇ ಪಂಚಾಯಿತಿಗೆ ಅರ್ಜಿ ಕೊಡಿ. ಅದಕ್ಕೆ ಲಕ್ಷ್ಮಣ್ ಸಹಿ ಬೇಕಿಲ್ಲ.