ಕುದುರೆಯ ತಲೆಯೊಳಗಣ ಬೇನೆ

ಶಿರಹಟ್ಟಿ, ಮುಂಡರಗಿಗಳ ಬಯಲಿನಲ್ಲಿ ಕುರಿಹಿಂಡಿನೊಡನೆ ಊರಿಂದೂರಿಗೆ ಸಾಗುವ ಕುರುಬರ ಸಂಸಾರವನ್ನು ಹೊರುವುದು ತಟ್ಟು. ಹಾಸಿಗೆ, ಪಾತ್ರೆ, ನಡೆಯಲಾರದ ಎಳೆಮರಿ, ಎಲ್ಲವೂ ಅದರ ಬೆನ್ನ ಮೇಲೆಯೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರಗಳ ಬೀದಿಗಳಲ್ಲಿ ಟಾಂಗಾದ ಕಾಲವು ಕಳೆದರೂ, ಈ ಬಡಜನರಿಗೆ ಕುದುರೆಯೇ ಇಂದಿಗೂ ಬಂಡಿ. ಇಂತಹ ಪ್ರಾಣಿಯು ಒಂದು ದಿನ ತೂರಾಡತೊಡಗಿದರೆ, ನಿಂತಲ್ಲಿಯೇ ಸುತ್ತತೊಡಗಿದರೆ, ಗಾಳಿ ಸೋಂಕಿತೆಂದು ತಾಯಿತ ಕಟ್ಟುವವರುಂಟು. ಮಿದುಳಿನಲ್ಲಿ ಗಡ್ಡೆಯೆಂದು ಕೈಬಿಡುವವರೂ ಉಂಟು. ಎರಡೂ ಅವಸರದ ತೀರ್ಮಾನಗಳೇ.

ಕುದುರೆಯ ಮಿದುಳಿನಲ್ಲಿಯೇ ಹುಟ್ಟುವ ಗಡ್ಡೆಯು ಅಪರೂಪ. ಆದರೆ ಮಿದುಳಿನ ಅಡಿಯಲ್ಲಿರುವ ಪಿಟ್ಯುಟರಿ ಗ್ರಂಥಿಯು ಮುದಿ ಕುದುರೆಗಳಲ್ಲಿ ದಪ್ಪವಾಗುವುದು ಅಷ್ಟು ವಿರಳವಲ್ಲ. ಆಗ ಬೇಸಗೆಯಲ್ಲಿಯೂ ಮೈಗೂದಲು ಉದುರದೆ ನೀಳವಾಗಿ ಬೆಳೆಯುವುದು, ಬೆನ್ನಿನ ಮಾಂಸವು ಕರಗುವುದು, ನೀರಡಿಕೆ ಹೆಚ್ಚುವುದು, ಗೊರಸು ನೋಯುವುದು. ಪರ್ಗೊಲೈಡ್ ಎಂಬ ಔಷಧದಿಂದ ಇದನ್ನು ಹತೋಟಿಯಲ್ಲಿಡಬಹುದು.

ಹೆಚ್ಚಾಗಿ ಅಂಜಬೇಕಾದವುಗಳು ಹೊರಗಿನಿಂದ ಬರುವ ರೋಗಗಳು. ಲಾಳದ ಮೊಳೆ ಚುಚ್ಚಿದ ಸಣ್ಣ ಗಾಯವೇ ಧನುರ್ವಾಯುವಿಗೆ ಬಾಗಿಲಾಗಬಹುದು. ಕಿವಿ ಸೆಟೆದು, ದವಡೆ ಬಿಗಿದು, ಕಣ್ಣಿನ ಒಳರೆಪ್ಪೆಯು ಮೇಲೆ ಬಂದು, ಕಾಲುಗಳು ಮರದ ಕೊರಡಿನಂತಾಗುವುವು. ಕಚ್ಚುವ ನೊಣಗಳಿಂದ ಹರಡುವ ಸರ್ರಾ ರೋಗದಲ್ಲಿ ಜ್ವರವು ಬಿಟ್ಟುಬಿಟ್ಟು ಬಂದು, ಮೈ ಬಡಕಲಾಗಿ, ಹಿಂಗಾಲುಗಳು ತಡವರಿಸುವುವು. ಇದರ ಸೂಕ್ಷ್ಮಜೀವಿಯನ್ನು ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು 1880ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ದೇರಾ ಇಸ್ಮಾಯಿಲ್ ಖಾನಿನಲ್ಲಿ ಕುದುರೆ ಒಂಟೆಗಳ ರಕ್ತದಲ್ಲಿ ಕಂಡರು. ಬೇಗ ಗೊತ್ತಾದರೆ ಇದಕ್ಕೆ ಔಷಧವುಂಟು.

ಎಲ್ಲಕ್ಕಿಂತ ಭಯಂಕರವಾದುದು ಹುಚ್ಚುನಾಯಿಯ ಕಡಿತದಿಂದ ಬರುವ ರೋಗ. ಗಂಟಲಿನ ಶಕ್ತಿ ಉಡುಗಿ, ಮೇವು ನುಂಗಲಾರದೆ, ಕುದುರೆಯು ಜೊಲ್ಲು ಸುರಿಸುವುದು. ಏನೋ ಸಿಕ್ಕಿಕೊಂಡಿದೆಯೆಂದು ಕರುಣೆಯಿಂದ ಬಾಯೊಳಗೆ ಕೈ ಹಾಕುವವನು ತನ್ನ ಪ್ರಾಣಕ್ಕೇ ಅಪಾಯ ತಂದುಕೊಳ್ಳುವನು. ಆ ಜೊಲ್ಲು ಗಾಯಕ್ಕಾಗಲಿ, ತರಚಿದ ಚರ್ಮಕ್ಕಾಗಲಿ, ಕಣ್ಣು ಬಾಯಿಗಳಿಗಾಗಲಿ ತಗುಲಿದರೆ, ಆ ಭಾಗವನ್ನು ಕೂಡಲೇ ತೊಳೆಯತಕ್ಕದ್ದು. ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಯಲ್ಲಿ ಲಸಿಕೆ ಪಡೆಯತಕ್ಕದ್ದು. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಮನುಷ್ಯನಾಗಲಿ ಕುದುರೆಯಾಗಲಿ ಬದುಕುವುದು ಅಸಾಧ್ಯವೆಂದೇ ತಿಳಿಯಬೇಕು.

ಆದುದರಿಂದ ಕುದುರೆಯ ನಡೆನುಡಿ ಕೆಟ್ಟಿತೆಂದು ಕಂಡೊಡನೆ, ಮಕ್ಕಳನ್ನು ದೂರವಿರಿಸಿ, ಅದನ್ನು ಬೇರೆ ಕಟ್ಟಿಸಿ, ಪಶುವೈದ್ಯರನ್ನು ಕರೆಯಿಸುವುದು ಮೇಲು. ಪಶುವೈದ್ಯಕೀಯ ಮಹಾವಿದ್ಯಾಲಯವು ಗದಗಿನಲ್ಲಿಯೇ ಇದೆ. ಧನುರ್ವಾಯುವಿನ ಲಸಿಕೆಯನ್ನು ಮೊದಲೇ ಹಾಕಿಸಿ, ಗಾಯಗಳನ್ನು ಚೊಕ್ಕಟವಾಗಿಟ್ಟರೆ ಅರ್ಧ ಭಯವು ನೀಗಿತು. ಮೂಕಪ್ರಾಣಿಯು ತನ್ನ ತಲೆನೋವನ್ನು ಹೇಳಲಾರದು. ಅದರ ಹೆಜ್ಜೆಯನ್ನು ನೋಡಿ ನಾವೇ ಅರಿಯಬೇಕು.